ಟೇಕ್ವಾಂಡೋ ಜನರಲ್‌: ಎರಡೂ ಕೊರಿಯಾಗಳ ನಡುವೆ ಚೋಯ್ ಹಾಂಗ್ ಹಿ

ಟೇಕ್ವಾಂಡೋ ಹುಟ್ಟಿದ್ದು ಹೇಗೆ ಅಂತ ಸೋಲ್‌ನಲ್ಲಿ ಕೇಳಿದರೆ, ಅದು ಎರಡು ಸಾವಿರ ವರ್ಷ ಹಳೆಯ ಕೊರಿಯನ್ ವಿದ್ಯೆ ಎಂಬ ಉತ್ತರ ಬಹಳ ಕಾಲ ಸಿಗುತ್ತಿತ್ತು. ಪ್ಯೊಂಗ್ಯಾಂಗ್‌ನಲ್ಲಿ ಕೇಳಿದರೆ ಒಬ್ಬ ಮನುಷ್ಯನ ಹೆಸರು ಹೇಳುತ್ತಿದ್ದರು: ಚೋಯ್ ಹಾಂಗ್ ಹಿ. ತಮಾಷೆಯೆಂದರೆ, ಈ ಚೋಯ್ ದಕ್ಷಿಣ ಕೊರಿಯಾ ಸೇನೆಯ ಜನರಲ್ ಆಗಿದ್ದವರು.

ಚೋಯ್ ಹುಟ್ಟಿದ್ದು 1918ರ ನವೆಂಬರ್ 9ರಂದು, ಈಗ ಉತ್ತರ ಕೊರಿಯಾದಲ್ಲಿರುವ ಮ್ಯೊಂಗ್‌ಚೊನ್ ಪ್ರದೇಶದಲ್ಲಿ. ಆಗ ಇಡೀ ಕೊರಿಯಾ ಜಪಾನಿನ ಕೈಯಲ್ಲಿತ್ತು. ಓದಲು ಜಪಾನಿಗೆ ಹೋದ ಈ ಕುಳ್ಳ ಹುಡುಗ ಅಲ್ಲಿ ಕರಾಟೆ ಕಲಿತರು. ಚಿಕ್ಕಂದಿನಲ್ಲಿ ತಮ್ಮ ಲಿಪಿಕಲೆಯ ಗುರುವಿನಿಂದ ಟೆಕ್ಕ್ಯೊನ್ ಎಂಬ ಹಳೆಯ ಕಾಲೊದೆತದ ಆಟವನ್ನೂ ಕಲಿತಿದ್ದೆ ಅಂತ ಹೇಳಿಕೊಂಡಿದ್ದಾರೆ. ಅದನ್ನು ಅನುಮಾನಿಸುವವರು ಜಾಸ್ತಿ. ಕರಾಟೆಯ ಬಗ್ಗೆ ಮಾತ್ರ ಯಾರಿಗೂ ಅನುಮಾನವಿಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಅವರನ್ನು ಬಲವಂತವಾಗಿ ಸೇನೆಗೆ ಸೇರಿಸಿತು. ತಪ್ಪಿಸಿಕೊಳ್ಳುವ ಸಂಚು ಬಯಲಾಗಿ ಜೈಲು ಸೇರಿದರು. 1945ರಲ್ಲಿ ಜಪಾನ್ ಸೋತಾಗ ಹೊರಬಂದರು. ಮರುವರ್ಷವೇ ದಕ್ಷಿಣದ ಹೊಸ ಸೇನೆಯಲ್ಲಿ ಅಧಿಕಾರಿಯಾದರು.

ನನ್ನ ಪ್ರಕಾರ ಚೋಯ್ ಅವರ ದೊಡ್ಡ ಸಾಧನೆ ಯಾವುದೋ ಒದೆತವೋ ಪಟ್ಟೋ ಅಲ್ಲ, ಸೇನೆಯನ್ನು ಬಳಸಿಕೊಂಡ ರೀತಿ. ಆಗ ಊರೂರಲ್ಲಿ 'ಕ್ವಾನ್' ಎಂಬ ಗರಡಿಗಳಿದ್ದವು. ಒಂದೊಂದಕ್ಕೂ ಬೇರೆ ಗುರು, ಬೇರೆ ಹೆಸರು. ಹೆಚ್ಚಿನವು ಕಲಿಸುತ್ತಿದ್ದದ್ದು ಕರಾಟೆಯ ರೂಪಗಳನ್ನೇ. ಚೋಯ್ ತಮ್ಮ ಸೈನಿಕರಿಗೆಲ್ಲ ಇದನ್ನು ಕಲಿಸಿದರು. 1954ರಲ್ಲಿ ಅಧ್ಯಕ್ಷ ಸಿಂಗ್ಮನ್ ರೀ ಎದುರು ನಡೆದ ಪ್ರದರ್ಶನದಲ್ಲಿ ಚೋಯ್ ಅವರ ಸೇನಾ ಸಹಚರ ನಾಮ್ ಟೇ ಹಿ ಒಂದೇ ಗುದ್ದಿಗೆ 13 ಹೆಂಚು ಒಡೆದರು. ರೀ ಮೆಚ್ಚಿ, ಇದು ನಮ್ಮ ಟೆಕ್ಕ್ಯೊನ್ ಅಲ್ವಾ ಅಂದರಂತೆ. ಅಧ್ಯಕ್ಷರೇ ಹಾಗೆಂದ ಮೇಲೆ ಜಪಾನಿನ ನೆರಳು ಬೀಳದ, ಕೊರಿಯನ್ ಎನಿಸುವ ಹೆಸರೊಂದು ಬೇಕಾಯಿತು. 1955ರಲ್ಲಿ ಚೋಯ್ ಟೇಕ್ವಾಂಡೋ ಎಂಬ ಹೆಸರು ಮುಂದಿಟ್ಟರು. ಉಳಿದ ಗರಡಿಗಳು ಸುಲಭಕ್ಕೆ ಒಪ್ಪಲಿಲ್ಲ. ಹೆಸರು ಗಟ್ಟಿಯಾಗಿ ನಿಂತದ್ದು 1965ರಲ್ಲಿ.

ಅಷ್ಟರಲ್ಲಿ ರಾಜಕೀಯ ಕೆಟ್ಟಿತ್ತು. 1961ರಲ್ಲಿ ಪಾರ್ಕ್ ಚುಂಗ್ ಹೀ ಸೇನಾ ದಂಗೆಯಿಂದ ಅಧಿಕಾರ ಹಿಡಿದರು. ಹಿಂದೆ ಕಮ್ಯುನಿಸ್ಟ್ ಆರೋಪದಲ್ಲಿ ಪಾರ್ಕ್‌ಗೆ ಶಿಕ್ಷೆ ಕೊಟ್ಟ ಸೇನಾ ನ್ಯಾಯಮಂಡಳಿಯಲ್ಲಿ ತಾನೂ ಇದ್ದೆ ಎಂದು ಚೋಯ್ ಹೇಳಿದ್ದಾರೆ. ಇಬ್ಬರ ನಡುವೆ ಸ್ನೇಹ ಉಳಿಯುವುದಾದರೂ ಹೇಗೆ? ಚೋಯ್ ಅವರನ್ನು ರಾಯಭಾರಿ ಮಾಡಿ ಮಲಯಾಕ್ಕೆ ಕಳಿಸಿದರು. ಅಲ್ಲೂ ಅವರು ಟೇಕ್ವಾಂಡೋ ಬೇರೂರಿಸಿದರು. ವಾಪಸ್ ಬಂದು, 1966ರ ಮಾರ್ಚ್ 22ರಂದು ಒಂಬತ್ತು ದೇಶಗಳನ್ನು ಸೇರಿಸಿ ಅಂತರರಾಷ್ಟ್ರೀಯ ಟೇಕ್ವಾಂಡೋ ಒಕ್ಕೂಟ (ಐಟಿಎಫ್) ಕಟ್ಟಿದರು. 1972ರಲ್ಲಿ ದೇಶ ಬಿಟ್ಟು ಕೆನಡಾ ಸೇರಿದರು.

ಮರುವರ್ಷ ಸೋಲ್‌ನಲ್ಲಿ ಕಿಮ್ ಉನ್ ಯೊಂಗ್ ನೇತೃತ್ವದಲ್ಲಿ ಇನ್ನೊಂದು ವಿಶ್ವ ಒಕ್ಕೂಟ ಹುಟ್ಟಿತು. ಸರ್ಕಾರದ ಬೆಂಬಲ ಅದಕ್ಕಿತ್ತು. 1988ರಲ್ಲಿ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ, 2000ದಲ್ಲಿ ಸಿಡ್ನಿಯಲ್ಲಿ ಪದಕ. ಒಲಿಂಪಿಕ್ಸ್‌ನಲ್ಲಿ ನಾವು ನೋಡುವುದು ಇದನ್ನೇ. ನಿಮ್ಮ ಮಗು ಕ್ಲಾಸಿನಲ್ಲಿ 'ತೇಗುಕ್' ಸರಣಿ ಕಲಿಯುತ್ತಿದ್ದರೆ ಅದು ಸೋಲ್‌ನ ದಾರಿ. 'ಚೊನ್‌ಜಿ'ಯಿಂದ ಶುರು ಮಾಡಿ 'ತುಲ್'ಗಳನ್ನು, ಅಂದರೆ ಕ್ರಮ ಕಟ್ಟಿದ ಚಲನೆಗಳ ಸರಣಿಗಳನ್ನು, ಕಲಿಯುತ್ತಿದ್ದರೆ ಅದು ಚೋಯ್ ಅವರ ದಾರಿ.

ಈ ತುಲ್‌ಗಳಲ್ಲೇ ಚೋಯ್ ಅವರ ಮನಸ್ಸು ಕಾಣುತ್ತದೆ. ಒಟ್ಟು 24. ದಿನಕ್ಕೆ 24 ಗಂಟೆ ತಾನೇ, ಅದಕ್ಕೆ. ಹೆಚ್ಚಿನವಕ್ಕೆ ಕೊರಿಯಾ ಇತಿಹಾಸದ ಹೆಸರುಗಳು. 'ಜುಂಗ್ ಗುನ್'ನಲ್ಲಿ 32 ಚಲನೆಗಳಿವೆ. 1909ರಲ್ಲಿ ಜಪಾನಿನ ಮಾಜಿ ಪ್ರಧಾನಿ ಇತೊ ಹಿರೊಬುಮಿಯನ್ನು ಗುಂಡಿಕ್ಕಿ ಕೊಂದ ಆನ್ ಜುಂಗ್ ಗುನ್‌ನನ್ನು ಗಲ್ಲಿಗೇರಿಸಿದಾಗ ಅವನ ವಯಸ್ಸೆಂದು ಚೋಯ್ ಕೊಡುವ ಲೆಕ್ಕ ಅದು. ಕೊನೆಯ ತುಲ್ 'ತೊಂಗ್ ಇಲ್' ಕೊರಿಯಾಗಳ ಏಕೀಕರಣಕ್ಕೆ ಮೀಸಲು. ಕರಾಟೆಯಿಂದ ಬಂದ ಮೈಗೆ ಜಪಾನ್ ವಿರೋಧಿ ಹೋರಾಟಗಾರರ ಹೆಸರು ಇಟ್ಟರು ನೋಡಿ!

1980ರಲ್ಲಿ ಚೋಯ್ ತಮ್ಮ ತಂಡದೊಂದಿಗೆ ಉತ್ತರ ಕೊರಿಯಾಕ್ಕೆ ಹೋದರು. ದಕ್ಷಿಣದವರ ಕಣ್ಣಿಗೆ ಅದು ದ್ರೋಹ. ಹುಟ್ಟೂರಿನ ಸೆಳೆತ, ಹಣ, ಹಟ, ಎಲ್ಲವೂ ಇದ್ದೀತು. ಆದರೆ ಸುಮ್ನೆ ಕಲೆ ಹಂಚಲು ಹೋದರು ಎಂದರೆ ನಂಬುವುದು ಕಷ್ಟ. ಯಾಕೆಂದರೆ ಆ ದಶಕದಲ್ಲೇ 'ಕೊ ದಾಂಗ್' ಎಂಬ ತುಲ್ ತೆಗೆದು ಆ ಜಾಗಕ್ಕೆ 'ಜುಚೆ' ತಂದರು. ಜುಚೆ ಎಂದರೆ ಕಿಮ್ ಇಲ್ ಸುಂಗ್ ಆಡಳಿತದ ಸಿದ್ಧಾಂತ. ಕೊ ದಾಂಗ್ ಎಂಬುದು ರಾಷ್ಟ್ರೀಯವಾದಿ ನಾಯಕ ಚೊ ಮಾನ್ ಸಿಕ್‌ರ ಕಾವ್ಯನಾಮ. ಎರಡನೇ ಮಹಾಯುದ್ಧದ ನಂತರ ಉತ್ತರದಲ್ಲಿ ಅವರನ್ನು ಬಂಧನದಲ್ಲಿಟ್ಟಿದ್ದರು.

ಚೋಯ್ 2002ರ ಜೂನ್ 15ರಂದು ಪ್ಯೊಂಗ್ಯಾಂಗ್‌ನಲ್ಲಿ ತೀರಿಕೊಂಡರು. ಅಲ್ಲೇ ದೇಶಭಕ್ತರ ಸ್ಮಶಾನದಲ್ಲಿ ಹೂಳಿದರು. ಐಟಿಎಫ್ ಹೋಳಾಯಿತು. ಉತ್ತರ ಕೊರಿಯಾದ ಚಾಂಗ್ ಉಂಗ್, ಚೋಯ್ ಅವರ ಮಗ, ಕೆನಡಾದ ಟ್ರಾನ್ ಟ್ರಿಯು ಕ್ವಾನ್, ಮೂವರೂ ಬೇರೆ ಬೇರೆ ಗುಂಪುಗಳಿಗೆ ಮುಖ್ಯಸ್ಥರಾದರು. ಎಲ್ಲರೂ ತಮ್ಮದೇ ಅಸಲಿ ಎಂದರು. ಇತ್ತ 2014ರಲ್ಲಿ ಎರಡು ಕೊರಿಯಾಗಳ ಒಕ್ಕೂಟಗಳು ಒಬ್ಬರನ್ನೊಬ್ಬರು ಮಾನ್ಯ ಮಾಡಿದವು. 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಬಂದ ಉತ್ತರದ ತಂಡ ದಕ್ಷಿಣದವರ ಜೊತೆ ಪ್ರದರ್ಶನ ನೀಡಿತು. ಐಟಿಎಫ್ ಶಾಲೆಗಳಲ್ಲಿ ಮಾತ್ರ ಒಪ್ಪಂದ ಇನ್ನೂ ಆಗಿಲ್ಲ. ಕೆಲವೆಡೆ ಆ ತುಲ್ ಈಗಲೂ ಜುಚೆ, ಕೆಲವೆಡೆ ಮತ್ತೆ ಕೊ ದಾಂಗ್.