ಗೆದ್ದ ದಿನ ಸೂಟಿ ಕೊಟ್ಟರೆ ಗೇಟು ಕಾಯೋರು ಯಾರು?

ಕಾರ್ಮಿಕ ಕಾನೂನಿನ ಸಲಹೆ ಕೊಡುವ ನನಗೆ ಡಿಸೆಂಬರ್ ಅಂದರೆ ಸೂಟಿ ಪಟ್ಟಿಯ ತಿಂಗಳು. ಹುಬ್ಬಳ್ಳಿಯ ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಮುಂದಿನ ವರ್ಷದ ಪಟ್ಟಿ ಓದುತ್ತಿದ್ದೆ. ಒಬ್ಬ ಹುಡುಗ ಎದ್ದು ನಿಂತ. "ಸರ, ಕಾರ್ಗಿಲ್ ಗೆದ್ದ ದಿನಕ್ಕ ಯಾಕ ಸೂಟಿ ಇಲ್ರಿ?"

ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಕಾರ್ಖಾನೆ ಸೂಟಿಗೆ 1963ರ ರಾಜ್ಯ ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ. ಜೊತೆಗೆ ಹಬ್ಬಗಳಿಗೆ ಐದು ದಿನ. ಆ ದಿನ ಕೆಲಸಕ್ಕೆ ಕರೆದರೆ ಡಬಲ್ ಪಗಾರ, ಇಲ್ಲವೇ ಆ ದಿನದ ಪಗಾರದ ಜೊತೆ ಬೇರೊಂದು ದಿನ ಸೂಟಿ. "ಐದು ಹಬ್ಬದಾಗ ಒಂದನ್ನ ತೆಗೆದು ಜುಲೈ 26 ಹಾಕೋಣೇನು? ಗಣೇಶ ಚೌತಿ ಬಿಡ್ತೀರಾ?" ಅಂದೆ. ಯಾರೂ ತುಟಿ ಬಿಚ್ಚಲಿಲ್ಲ!

1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಸೆರೆಸಿಕ್ಕವರು ಸುಮಾರು 93,000. ಬಾಂಗ್ಲಾದೇಶಕ್ಕೆ ಅದು ಸರ್ಕಾರಿ ರಜೆ, ನಮಗೆ ಕೆಲಸದ ದಿನ. ಅವರಿಗೆ ಅಂದು ದೇಶವೇ ಕೈಗೆ ಬಂತು, ಹಾಗಾಗಿ ಸರಿ. ಮೊದಲ ಮಹಾಯುದ್ಧ ನಿಂತ ನವೆಂಬರ್ 11ಕ್ಕೆ ಫ್ರಾನ್ಸಿನಲ್ಲಿ ರಜೆ ಇದೆ. ಬ್ರಿಟನ್ನಿನಲ್ಲಿ ಇಲ್ಲ. ಬೆಳಿಗ್ಗೆ 11ಕ್ಕೆ ಎರಡು ನಿಮಿಷ ಸುಮ್ನೆ ನಿಲ್ಲುತ್ತಾರೆ, ಅಷ್ಟೇ. ಸೋವಿಯತ್ ಒಕ್ಕೂಟದ್ದು ಇನ್ನೂ ವಿಚಿತ್ರ. ಎರಡೂವರೆ ಕೋಟಿಗೂ ಜಾಸ್ತಿ ಜನರನ್ನು ಕಳೆದುಕೊಂಡು ಗೆದ್ದ ಮೇ 9ರ ರಜೆಯನ್ನು ಸ್ಟಾಲಿನ್ 1948ರಿಂದ ತೆಗೆದುಹಾಕಿದ. ಅದು ಮರಳಿ ಬಂದದ್ದು 1965ರಲ್ಲಿ. ಹದಿನೇಳು ವರ್ಷ ಸೂಟಿ ಇರಲಿಲ್ಲ ಅಂತ ಸತ್ತವರನ್ನು ಮನೆಯವರು ಮರೆತಿದ್ದರಾ?

ನನ್ನ ತಕರಾರು ಬೇರೆ ಇದೆ. ಹೊಸ ಸೂಟಿ ಬಂದರೆ ಬ್ಯಾಂಕಿನವರು, ಕಚೇರಿಯವರು ಪಗಾರದ ಸಮೇತ ಮನೆಯಲ್ಲಿ ಇರುತ್ತಾರೆ. ಅಂದಂದಿನ ಕೂಲಿಯ ಹಮಾಲರು, ಗಾರೆ ಕೆಲಸದವರು ಒಂದು ದಿನದ ದುಡಿಮೆ ಕಳೆದುಕೊಳ್ಳುತ್ತಾರೆ. ಮತದಾನದ ದಿನ ಹಾಗಿಲ್ಲ ನೋಡಿ. ದಿನಗೂಲಿಯವರಿಗೂ ಅಂದಿನ ಪಗಾರ ಕೊಡಬೇಕು ಅಂತ ಚುನಾವಣಾ ಕಾನೂನು ಬಿಡಿಸಿ ಹೇಳುತ್ತದೆ. ಹಾಗೆ ಬರೆಯಲು ಬರುತ್ತದೆ, ಬರೆಯುವ ಮನಸ್ಸು ಬೇಕು.

ಇನ್ನು ಸೂಟಿಯ ದಿನ ಗೇಟಿನಲ್ಲಿ ಇರೋರು ಯಾರು? ನಾನು ಹೋಗುವ ಎಷ್ಟೋ ಕಾರ್ಖಾನೆಗಳಲ್ಲಿ ಮಾಜಿ ಸೈನಿಕರೇ. ಅವರಿಗೆ ಡಬಲ್ ಪಗಾರ ಸಿಕ್ಕಿತೇ ಅಂತ ಕೇಳಿದರೆ, "ಏಜೆನ್ಸಿಯವರನ್ನ ಕೇಳ್ರಿ" ಅನ್ನುವ ಉತ್ತರ ನನಗೆ ಬಾಯಿಪಾಠ. ಕಾರ್ಗಿಲ್ ದಿನಕ್ಕೆ ಊರೆಲ್ಲ ಮಲಗಿ, ಯುದ್ಧಕ್ಕೆ ಹೋಗಿಬಂದವನೇ ಎರಡು ಶಿಫ್ಟ್ ಮಾಡಬೇಕಾ?

ಯುದ್ಧ ಮುಗಿದ ದಿನ ಅನ್ನುವ ಮಾತೂ ಅಷ್ಟು ಸರಳ ಅಲ್ಲ. ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮದಡಿ ಆರು ದಿನ ಇದ್ದು, 2016ರ ಫೆಬ್ರುವರಿ 11ರಂದು ತೀರಿಕೊಂಡರು. ಕಾರ್ಗಿಲ್ ಮುಗಿದು ಹದಿನಾರು ವರ್ಷ ದಾಟಿತ್ತು. ಅವರನ್ನು ಯಾವ ವಿಜಯದ ದಿನಕ್ಕೆ ಸೇರಿಸುವುದು?

ಪಟ್ಟಿಗೆ ಸಹಿ ಹಾಕಿಸಿ ಹೊರಗೆ ಬಂದಾಗ ಗೇಟಿನ ಹಿರಿಯರನ್ನೇ ಕೇಳಿದೆ. ಅವರು ನನ್ನ ಗಾಡಿ ನಂಬರ್ ಬರೆದುಕೊಳ್ಳುತ್ತಾ ಅಂದರು: "ಸೂಟಿ ಬ್ಯಾಡ್ರಿ ಸರ. ಅವತ್ತ ಡೇ ಶಿಫ್ಟ್ ಹಾಕ್ರಿ ಸಾಕು. ಸಂಜಿಗೆ ನಮ್ಮ ಯುನಿಟ್ಟಿನವರಿಗೆ ಫೋನ್ ಹಚ್ಚಬೇಕು."