ದೂರವನ್ನು ಮಡಚಿಡುವ ಕ್ಯಾಮೆರಾ

ದೂರದ ಬೆಟ್ಟವೊಂದರ ಬಿಂಬವನ್ನು ಲೆನ್ಸು ಫಿಲ್ಮಿನ ಮೇಲೆ ಸ್ಪಷ್ಟವಾಗಿ ಮೂಡಿಸಬೇಕಾದರೆ ಅವೆರಡರ ನಡುವೆ ಆ ಲೆನ್ಸಿನ ಸಂಗಮದೂರದಷ್ಟು ಅಂತರವಿರಬೇಕು. ಫಿಲ್ಮು ದೊಡ್ಡದಾದಂತೆಲ್ಲ, ಅದೇ ವಿಸ್ತಾರದ ನೋಟವನ್ನು ಅದರ ಮೇಲೆ ತುಂಬಲು ಸಂಗಮದೂರವೂ ಹೆಚ್ಚಬೇಕಾಗುತ್ತದೆ. 35 ಮಿ.ಮೀ. ಫಿಲ್ಮಿಗೆ 50 ಮಿ.ಮೀ. ಲೆನ್ಸು ಸಾಕಾದರೆ, 6×6 ಸೆಂ.ಮೀ. ಚಿತ್ರಕ್ಕೆ 75 ಮಿ.ಮೀ., 6×9 ಸೆಂ.ಮೀ. ಚಿತ್ರಕ್ಕೆ 105 ಮಿ.ಮೀ. ಸಂಗಮದೂರದ ಲೆನ್ಸು ವಾಡಿಕೆ. ಇಷ್ಟು ಅಂತರವನ್ನು ಬೇಕಾದಾಗ ತೆರೆದು, ಬೇಡವಾದಾಗ ಮಡಚಿಡುವ ಉಪಾಯವೇ ಫೋಲ್ಡಿಂಗ್ ಕ್ಯಾಮೆರಾ. ಕೋಟಿನ ಜೇಬಿಗೆ ಹಿಡಿಸುವಂತೆ ಇದನ್ನು ರೂಪಿಸಿದ್ದರು. ಚಿತ್ರದುರ್ಗದ ಬಿಸಿಲಿನಲ್ಲಿ ಕೋಟು ತೊಟ್ಟು ಕೋಟೆ ಹತ್ತುವವರು ಯಾರೂ ಇಲ್ಲದ ಕಾರಣ ನಾವು ಹೆಗಲ ಚೀಲದ ಪಕ್ಕದ ಜೇಬಿಗೆ ತೃಪ್ತರಾಗಬೇಕು.

ಈ ಕ್ಯಾಮೆರಾಗಳಲ್ಲಿ ಅನೇಕವು ಬಳಸುವುದು 1901ರಲ್ಲಿ ಕೊಡ್ಯಾಕ್ ಕಂಪನಿ ಹೊರತಂದ 120 ಫಿಲ್ಮನ್ನು; ಅದು ಇಂದಿಗೂ ಹೊಸದಾಗಿ ತಯಾರಾಗುತ್ತಿರುವುದರಿಂದಲೇ ಜರ್ಮನಿಯ ಜೈಸ್ ಐಕಾನ್ ಕಂಪನಿಯ ಐಕಾಂಟಾ, ಫೋಕ್ಟ್‌ಲೆಂಡರ್ ಕಂಪನಿಯ ಬೆಸ್ಸಾ, ಆಗ್ಫಾ ಐಸೊಲೆಟ್ ಮುಂತಾದ ಹಳೆಯ ಯಂತ್ರಗಳು ಇನ್ನೂ ಕೆಲಸಕ್ಕೆ ಬರುತ್ತವೆ. ನಮ್ಮಲ್ಲಿ ಅನೇಕರಿಗೆ ಗೊತ್ತಿರುವ ಆಗ್ಫಾ ಕ್ಲಿಕ್ 3 ಮಡಚುವಂಥದ್ದಲ್ಲ, ಆದರೆ ಅದರೊಳಗೆ ಹೋಗುತ್ತಿದ್ದುದೂ ಇದೇ ರೋಲು. 6×9 ನೆಗೆಟಿವ್ ವಾಸ್ತವದಲ್ಲಿ ಸುಮಾರು 56×84 ಮಿ.ಮೀ. ಇರುತ್ತದೆ, ಅಂದರೆ 35 ಮಿ.ಮೀ. ಫಿಲ್ಮಿನ 24×36 ಮಿ.ಮೀ. ಚಿತ್ರದ ಐದು ಪಟ್ಟಿಗೂ ಹೆಚ್ಚಿನ ವಿಸ್ತೀರ್ಣ. ಹನ್ನೆರಡು ಇಂಚು ಎತ್ತರದ ಪ್ರಿಂಟಿಗೆ ಚಿಕ್ಕ ನೆಗೆಟಿವನ್ನು ಹೆಚ್ಚುಕಡಿಮೆ 13 ಪಟ್ಟು ಹಿಗ್ಗಿಸಬೇಕು, ಇದನ್ನು ಐದೂವರೆ ಪಟ್ಟು ಹಿಗ್ಗಿಸಿದರೆ ಸಾಕು. ಬೆಳ್ಳಿಯ ಕಣಗಳು ಕಣ್ಣಿಗೆ ಬೀಳದೆ ಬಂಡೆಯ ಮೈ ನುಣುಪಾಗಿ, ಬಿಸಿಲಿನಿಂದ ನೆರಳಿಗೆ ಹಂತಹಂತವಾಗಿ ಇಳಿಯುವಂತೆ ಕಾಣಲು ಲೆನ್ಸಿನ ಮಹಿಮೆಗಿಂತ ಈ ಅಂಕಗಣಿತವೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಲೆನ್ಸಿಗೂ ಫಿಲ್ಮಿಗೂ ನಡುವಿನ ಕತ್ತಲೆಯನ್ನು ಕಾಯುವುದು ನೆರಿಗೆಗಳ ತಿದಿ. ಹಾರ್ಮೋನಿಯಂನ ತಿದಿಯನ್ನು ಎಳೆದಾಗ ಗಾಳಿ ಒಳನುಗ್ಗುವಂತೆ, ಈ ತಿದಿ ತೆರೆದುಕೊಂಡಾಗಲೂ ಒಳಗಿನ ಒತ್ತಡ ಕ್ಷಣಕಾಲ ಇಳಿಯುತ್ತದೆ. ಗುಂಡಿ ಒತ್ತಿ ಕ್ಯಾಮೆರಾದ ಬಾಯಿ ಫಟ್ಟನೆ ತೆರೆಯಲು ಬಿಟ್ಟರೆ, ಹಿಂದಿರುವ ಫಿಲ್ಮು ಆ ಸೆಳೆತಕ್ಕೆ ಸಿಕ್ಕಿ ಮುಂದಕ್ಕೆ ಉಬ್ಬುತ್ತದೆ. ಉಬ್ಬು ಎಷ್ಟಿದ್ದರೆ ತೊಂದರೆ ಎಂಬುದನ್ನು ಸುಲಭವಾಗಿ ಲೆಕ್ಕ ಹಾಕಬಹುದು: ನೆಗೆಟಿವಿನಲ್ಲಿ 0.05 ಮಿ.ಮೀ.ವರೆಗಿನ ಮಸುಕನ್ನು ಸಹಿಸಬಹುದೆಂದು ಇಟ್ಟುಕೊಂಡರೆ, ಅದನ್ನು ಎಫ್ ಸಂಖ್ಯೆಯಿಂದ (ಸಂಗಮದೂರವನ್ನು ಲೆನ್ಸಿನ ಬಾಯಿಯ ಅಗಲದಿಂದ ಭಾಗಿಸಿದಾಗ ಬರುವ ಸಂಖ್ಯೆ; ಅದು ಹೆಚ್ಚಿದಷ್ಟೂ ಬಾಯಿ ಕಿರಿದು) ಗುಣಿಸಿದಾಗ ಫಿಲ್ಮು ಹಿಂದೆ ಅಥವಾ ಮುಂದೆ ಸರಿಯಬಹುದಾದ ಮಿತಿ ಸಿಗುತ್ತದೆ. ಎಫ್ 11ರಲ್ಲಿ ಅದು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಎಫ್ 4.5ರಲ್ಲಿ ಕಾಲು ಮಿಲಿಮೀಟರೂ ಇಲ್ಲ. ಲೆನ್ಸನ್ನು ಎತ್ತಿ ಹಿಡಿಯುವ ಲೋಹದ ತೋಳುಗಳು ಬಾಗಿದ್ದರೂ ಇದೇ ಮಿತಿ ಅನ್ವಯಿಸುತ್ತದೆ. ಚಿತ್ರದ ಒಂದು ಬದಿ ಚೂಪಾಗಿ ಇನ್ನೊಂದು ಬದಿ ಮಸುಕಾಗಿ ಬಂದರೆ ಅನುಮಾನ ಮೊದಲು ಹೋಗಬೇಕಾದದ್ದು ಆ ತೋಳುಗಳ ಕಡೆಗೆ. ಆದ್ದರಿಂದ ಬಾಯಿಯನ್ನು ಕೈಯಲ್ಲಿ ತಡೆದು ನಿಧಾನವಾಗಿ ತೆರೆದು, ಅನಂತರವೇ ರೋಲನ್ನು ಮುಂದಿನ ಸಂಖ್ಯೆಗೆ ತಿರುಗಿಸುವುದು ಒಳ್ಳೆಯ ಅಭ್ಯಾಸ. ತಿರುಗಿಸುವಾಗಿನ ಬಿಗಿತ ಫಿಲ್ಮನ್ನು ಮತ್ತೆ ಚಪ್ಪಟೆ ಮಾಡುತ್ತದೆ.

ಹಳೆಯ ಕ್ಯಾಮೆರಾ ಕೈಗೆ ಬಂದಾಗ ತಿದಿಯನ್ನು ಪೂರ್ತಿ ತೆರೆದು, ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಟಾರ್ಚು ಹಾಕಿ, ನೆರಿಗೆಗಳ ಮೂಲೆಗಳನ್ನು ಸುತ್ತಲೂ ನೋಡಬೇಕು. ಮಡಿಕೆಯ ಒತ್ತಡವೆಲ್ಲ ಬೀಳುವುದು ಅಲ್ಲಿಯೇ ಆದ್ದರಿಂದ ಸೂಜಿಮೊನೆಯಂಥ ತೂತುಗಳೂ ಅಲ್ಲಿಯೇ ಹುಟ್ಟುತ್ತವೆ. ಐಸೊಲೆಟ್‌ಗಳಲ್ಲಿ ಫೋಕಸ್ ಎಳೆಗಳಿಗೆ ಹಚ್ಚಿದ್ದ ಗ್ರೀಸು ದಶಕಗಳಲ್ಲಿ ಹಸಿರಾಗಿ ಗಟ್ಟಿಯಾಗುವುದು ಪ್ರಸಿದ್ಧ ಕಾಯಿಲೆ. ಇವುಗಳಲ್ಲಿ ಫೋಕಸ್ ಮಾಡುವುದೆಂದರೆ ಮುಂದಿನ ಗಾಜು ಮತ್ತು ಅದರ ಹಿಂದಿನ ಗಾಜಿನ ಅಂತರ ಬದಲಿಸುವುದು. ಗ್ರೀಸು ಎರಡನ್ನೂ ಒಟ್ಟಿಗೆ ಅಂಟಿಸಿಬಿಟ್ಟರೆ ಉಂಗುರ ತಿರುಗಿದಂತೆ ಕಂಡರೂ ಆ ಅಂತರ ಮಾತ್ರ ಬದಲಾಗುವುದಿಲ್ಲ. ಗೊತ್ತಾದ ಹೊತ್ತು ಮಾತ್ರ ಬೆಳಕನ್ನು ಒಳಬಿಡುವ ಷಟರಿನ ನಿಧಾನ ವೇಗಗಳನ್ನು ಕಿವಿಯಿಂದಲೇ ಪರೀಕ್ಷಿಸಬಹುದು. ಒಂದು ಸೆಕೆಂಡಿಗೆ ಇಟ್ಟಾಗ ಒಳಗಿನ ಪುಟ್ಟ ಗಾಲಿಗಳ ಸಾಲು ಒಂದೇ ಸಮನೆ ಗಿರ್ ಎನ್ನಬೇಕು. ನಡುವೆ ತಡವರಿಸಿ ನಿಂತರೆ ಎಣ್ಣೆ ಒಣಗಿದೆ ಎಂದರ್ಥ. ಅದಕ್ಕೆ ಮನೆಯ ಹೊಲಿಗೆ ಯಂತ್ರದ ಎಣ್ಣೆ ಬಿಡಬಾರದು, ಅದು ಹರಿದು ತೆಳು ಅಲಗುಗಳನ್ನು ಒಂದಕ್ಕೊಂದು ಅಂಟಿಸುತ್ತದೆ.

ಕೋಟೆಯಲ್ಲಿ ಬಳಸುವಾಗ ಈ ಯಂತ್ರದ ಮಿತಿಗಳು ಅಷ್ಟಾಗಿ ಬಾಧಿಸುವುದಿಲ್ಲ. 75 ಮಿ.ಮೀ. ಲೆನ್ಸನ್ನು ಎಫ್ 11ಕ್ಕೆ ಇಳಿಸಿ ಫೋಕಸನ್ನು 10 ಮೀಟರಿಗೆ ನಿಲ್ಲಿಸಿದರೆ ಐದು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಮೇಲುದುರ್ಗದ ಉಯ್ಯಾಲೆ ಕಂಬವೂ ಅದರ ಹಿಂದಿನ ಬಂಡೆಗಳೂ ಒಂದೇ ಚಿತ್ರದಲ್ಲಿ ಅಡಕವಾಗಲು ಬೇರೇನೂ ಬೇಕಿಲ್ಲ. 1934ರಲ್ಲಿ ಬಂದ ಸೂಪರ್ ಐಕಾಂಟಾದಲ್ಲಿ ದೂರ ಅಳೆಯುವ ಸಾಧನವೇ ಕೂಡಿಕೊಂಡಿದೆ ನಿಜ, ಆದರೆ ಬಯಲಿನ ಚಿತ್ರಗಳಿಗೆ ಅದರ ಹೆಚ್ಚಿನ ಬೆಲೆ ದಂಡವೆಂದೇ ಹೇಳುತ್ತೇನೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ, ಒಂದು ಕಾಲಕ್ಕೆ ನೀರಿನಡಿಯಲ್ಲಿ ಉಕ್ಕಿ ದಿಂಬುಗಳ ಆಕಾರದಲ್ಲಿ ಗಟ್ಟಿಯಾದ ಲಾವಾ ಬಂಡೆಗಳನ್ನು ಹತ್ತಿರದಿಂದ ತೆಗೆಯುವುದಾದರೆ ಮಾತು ಬೇರೆ: ಅಲ್ಲಿ ಟೇಪು ಹಿಡಿದು ದೂರ ಅಳೆಯದೆ ಗತಿಯಿಲ್ಲ.

ಬೆಳಕಿನ ಅಂದಾಜಿಗೆ ಹಳೆಯ ಸೂತ್ರವೇ ಸಾಕು. ಮೋಡವಿಲ್ಲದ ಬಿಸಿಲಿನಲ್ಲಿ ಐಎಸ್‌ಒ 100 (ಬೆಳಕಿಗೆ ಫಿಲ್ಮು ಎಷ್ಟು ಸ್ಪಂದಿಸುತ್ತದೆ ಎಂಬುದರ ಅಳತೆ) ಫಿಲ್ಮಿಗೆ ಎಫ್ 16, ಸೆಕೆಂಡಿನ ನೂರನೇ ಒಂದು ಭಾಗ. ಬಂಡೆಯ ನೆರಳಿನೊಳಗಿನ ವಿವರ ಬೇಕಿದ್ದರೆ ಇನ್ನೊಂದು ಹೆಜ್ಜೆ ಹೆಚ್ಚು, ಅಂದರೆ ಎರಡರಷ್ಟು, ಬೆಳಕು ಕೊಟ್ಟರೂ ಕಪ್ಪು-ಬಿಳುಪು ಫಿಲ್ಮು ತಾಳಿಕೊಳ್ಳುತ್ತದೆ. ಚಿತ್ರದ ಸಂಖ್ಯೆ ನೋಡಲು ಹಿಂಬದಿಯಲ್ಲಿರುವ ಕೆಂಪು ಕಿಟಕಿಯ ಬಗ್ಗೆ ಮಾತ್ರ ಎಚ್ಚರ ಬೇಕು. ಕೆಂಪು ಬೆಳಕಿಗೆ ಸ್ಪಂದಿಸದ ಫಿಲ್ಮುಗಳ ಕಾಲದಲ್ಲಿ ಬಂದ ಏರ್ಪಾಡು ಅದು; ಇಂದಿನ ಫಿಲ್ಮು ಕೆಂಪನ್ನೂ ಗ್ರಹಿಸುವುದರಿಂದ, ಸಂಖ್ಯೆ ನೋಡುವಾಗ ಬಿಸಿಲಿಗೆ ಬೆನ್ನು ತಿರುಗಿಸಿ, ನೋಡಿದ ಕೂಡಲೇ ಅದನ್ನು ಮುಚ್ಚಬೇಕು.

ಡೆವಲಪ್ ಮಾಡುವ ಕೆಲಸಕ್ಕೆ ನಮ್ಮ ಊರಿನ ಬೇಸಿಗೆ ದೊಡ್ಡ ಅಡ್ಡಿ. ಬೆಳಕು ತಾಗಿದ ಸಿಲ್ವರ್ ಬ್ರೋಮೈಡ್ ಹರಳಿನಲ್ಲಿ ಹುಟ್ಟುವುದು ಬೆರಳೆಣಿಕೆಯ ಬೆಳ್ಳಿ ಪರಮಾಣುಗಳು. ಅವುಗಳನ್ನು ಮೂಲವಾಗಿಟ್ಟುಕೊಂಡು ಡೆವಲಪರ್ ಇಡೀ ಹರಳನ್ನು ಬೆಳ್ಳಿಯಾಗಿಸುತ್ತದೆ, ಮತ್ತು ಎಲ್ಲ ರಾಸಾಯನಿಕ ಕ್ರಿಯೆಗಳಂತೆ ಇದೂ ಬಿಸಿಯಲ್ಲಿ ಓಡುತ್ತದೆ. ಸೂಚನೆಗಳಲ್ಲಿ ಕೊಡುವ ಸಮಯ 20 ಡಿಗ್ರಿ ಸೆಲ್ಸಿಯಸ್‌ಗೆ. ಏಪ್ರಿಲ್‌ನಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರು 30 ದಾಟುವುದು ಸಾಮಾನ್ಯ. ದ್ರಾವಣದ ಬಾಟಲಿಗಳನ್ನೂ ತೊಳೆಯುವ ನೀರನ್ನೂ ಒಂದೇ ಟಬ್ಬಿನಲ್ಲಿ ಐಸು ಹಾಕಿ ಇರಿಸುವುದು ಕ್ಷೇಮ, ಏಕೆಂದರೆ ತಂಪಿನಿಂದ ಬಿಸಿಗೆ ಹಠಾತ್ತನೆ ಹೋದರೆ ಫಿಲ್ಮಿನ ಜೆಲಾಟಿನ್ ಪದರ ಸುಕ್ಕುಗಟ್ಟಬಹುದು. ಬೋರ್‌ವೆಲ್ ನೀರಿನ ಗಡಸುತನ ಇನ್ನೊಂದು ತಾಪತ್ರಯ: ಹನಿ ಆರಿದ ಜಾಗದಲ್ಲಿ ಸುಣ್ಣದ ಬಿಳಿ ಉಂಗುರ ಉಳಿಯುತ್ತದೆ. ಕೊನೆಯ ತೊಳೆತಕ್ಕೆ ಬೀದಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರು ಬಳಸಿದರೆ ಆ ಕಲೆ ಬಾರದು.

ದೊಡ್ಡ ನೆಗೆಟಿವಿಗೆ, ಚಿತ್ರವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರ್ ಇಲ್ಲದೆಯೂ ಬೆಲೆಯಿದೆ. ಹಳೆಯ ಆಲ್ಬಮ್ಮುಗಳಲ್ಲಿ ಕಾಣುವ, ಬಿಳಿ ಅಂಚಿನ ಪುಟ್ಟ ಕಪ್ಪು-ಬಿಳುಪು ಚಿತ್ರಗಳಲ್ಲಿ ಅನೇಕವು ನೆಗೆಟಿವನ್ನು ನೇರವಾಗಿ ಕಾಗದದ ಮೇಲಿಟ್ಟು ಬೆಳಕು ಹಾಯಿಸಿದ ಕಾಂಟ್ಯಾಕ್ಟ್ ಪ್ರಿಂಟುಗಳು. ಕತ್ತಲು ಮಾಡಿದ ಬಚ್ಚಲುಮನೆ, ಸಾಮಾನ್ಯ ಕಪ್ಪು-ಬಿಳುಪು ಕಾಗದ ಸ್ಪಂದಿಸದ ಕೆಂಪು ದೀಪ, ಒತ್ತಿ ಹಿಡಿಯಲು ಒಂದು ಗಾಜು, ಒಂದು ಸಣ್ಣ ಬಲ್ಬು, ಮೂರು ಟ್ರೇಗಳಿದ್ದರೆ ಇದನ್ನು ಮನೆಯಲ್ಲಿಯೇ ಮಾಡಬಹುದು. 6×9ರ ಎಂಟು ಚಿತ್ರಗಳನ್ನು ಎರಡೆರಡಾಗಿಯೂ, 6×6ರ ಹನ್ನೆರಡನ್ನು ಮೂರು ಮೂರಾಗಿಯೂ ಕತ್ತರಿಸಿದರೆ ನಾಲ್ಕು ಪಟ್ಟಿಗಳಾಗುತ್ತವೆ. ಎಂಟು ಇಂಚಿಗೆ ಹತ್ತು ಇಂಚಿನ ಒಂದೇ ಹಾಳೆಯಲ್ಲಿ ಇಡೀ ರೋಲು ಹಿಡಿಸುತ್ತದೆ.