ಎಕ್ಸಿಟ್‌ಗೆ ಮುಂಚಿನ ನೀಲಿ ಫಲಕ

ಅಮೆರಿಕದ ಹೆದ್ದಾರಿಯಲ್ಲಿ ಒಮ್ಮೆಯಾದರೂ ಓಡಾಡಿದವರು ಈ ಫಲಕವನ್ನು ನೋಡಿಯೇ ಇರುತ್ತಾರೆ. ನೀಲಿ ಬಣ್ಣದ ದೊಡ್ಡ ಹಲಗೆ. ಮೇಲೆ ಬಿಳಿ ಅಕ್ಷರದಲ್ಲಿ ‘ಫುಡ್’, ‘ಗ್ಯಾಸ್’ (ಅಲ್ಲಿನವರ ಬಾಯಲ್ಲಿ ಪೆಟ್ರೋಲ್) ಅಥವಾ ‘ಲಾಡ್ಜಿಂಗ್’ ಎಂಬ ಪದ, ಜೊತೆಗೆ ಎಕ್ಸಿಟ್ (ಹೆದ್ದಾರಿಯಿಂದ ಇಳಿಯುವ ದಾರಿ) ನಂಬರು. ಕೆಳಗೆ ಎರಡು ಸಾಲಿನಲ್ಲಿ ಹೆಚ್ಚೆಂದರೆ ಆರು ಲೋಗೊ. ಊರು ಬಿಟ್ಟು ನೂರಾರು ಮೈಲಿ ಬಂದು ಹೊಟ್ಟೆ ಚುರುಗುಟ್ಟುತ್ತಿರುವಾಗ ಇದನ್ನು ಕಂಡರೆ ಯಾರಿಗೂ ಬೇಸರವಾಗುವುದಿಲ್ಲ. ಸಸ್ಯಾಹಾರಿ ಕನ್ನಡಿಗರ ಕಾರಿನಲ್ಲಂತೂ ‘ಟ್ಯಾಕೊ ಬೆಲ್ ಇದೆಯಾ ನೋಡ್ರಿ, ಇಲ್ಲಾಂದ್ರೆ ಸಬ್‌ವೇ ಆದ್ರೂ ನಡೆಯುತ್ತೆ’ ಎಂಬ ಮಾತು ಹಿಂದಿನ ಸೀಟಿನಿಂದ ಬರುತ್ತಲೇ ಇರುತ್ತದೆ.

ಇದೇ ಫಲಕ ದೊಡ್ಡ ನಗರವೊಂದರ ನಟ್ಟನಡುವಿನ ಫ್ರೀವೇ (ಸಿಗ್ನಲ್ ಇಲ್ಲದ ವೇಗದ ಹೆದ್ದಾರಿ) ಪಕ್ಕದಲ್ಲಿ ನಿಂತರೆ ಮಾತಿನ ಧಾಟಿ ಬದಲಾಗುತ್ತದೆ. ‘ಇದು ಮಾಹಿತಿಯಾ, ಜಾಹೀರಾತಾ?’ ಎಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ. ದಿನಾ ಅದೇ ದಾರಿಯಲ್ಲಿ ಆಫೀಸಿಗೆ ಹೋಗುವವನಿಗೆ ಮುಂದಿನ ಎಕ್ಸಿಟ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಇದೆ ಎಂದು ಸರ್ಕಾರಿ ಜಾಗದಲ್ಲಿ ಹಲಗೆ ನೆಟ್ಟು ಹೇಳಬೇಕೆ? ಈ ಜಗಳ ಅರ್ಥವಾಗಬೇಕಾದರೆ ಫಲಕ ಹುಟ್ಟಿದ ಕಾಲಕ್ಕೆ ಹೋಗಬೇಕು.

1956ರ ಜೂನ್ 29ರಂದು ಅಧ್ಯಕ್ಷ ಐಸೆನ್‌ಹೋವರ್ ಇಂಟರ್‌ಸ್ಟೇಟ್ (ಅಂತರರಾಜ್ಯ) ಹೆದ್ದಾರಿಗಳ ಕಾಯ್ದೆಗೆ ಸಹಿ ಹಾಕಿದರು. 41,000 ಮೈಲಿಗಳ ಜಾಲ ಅದು. ಹಳೆಯ ರಸ್ತೆಗಳು ಊರೊಳಗೆ ನುಗ್ಗಿ, ಅಂಗಡಿ ಬೀದಿಯಲ್ಲಿ ಹಾದು ಹೋಗುತ್ತಿದ್ದವು. ಹೊಸ ರಸ್ತೆ ಊರನ್ನು ಬದಿಗಿಟ್ಟು ಸಾಗಿತು. ಜೊತೆಗೆ ಹೆದ್ದಾರಿಯ ಸರ್ಕಾರಿ ಜಾಗದಲ್ಲಿ ಪೆಟ್ರೋಲ್ ಬಂಕ್, ಹೋಟೆಲ್ ಇತ್ಯಾದಿ ವ್ಯಾಪಾರ ನಡೆಸುವಂತಿಲ್ಲ ಎಂಬ ನಿಯಮವೂ ಬಂತು. ರಸ್ತೆ ಬದಿಯ ಊರುಗಳ ವ್ಯಾಪಾರಿಗಳನ್ನು ಉಳಿಸುವ ನಿಯಮ ಅದು. ಹೆದ್ದಾರಿಯಲ್ಲೇ ಎಲ್ಲ ಸಿಕ್ಕರೆ ಇಳಿದು ಊರಿಗೆ ಬರುವವರು ಯಾರು? ಅದಕ್ಕೂ ಮೊದಲೇ ಕಟ್ಟಿದ ಕೆಲವು ಟೋಲ್ ರಸ್ತೆಗಳಲ್ಲಿ ಮಾತ್ರ ಈಗಲೂ ರಸ್ತೆಯೊಳಗೇ ಹೋಟೆಲು, ಬಂಕುಗಳಿವೆ.

ಆದರೆ ಎಕ್ಸಿಟ್ ದಾಟಿದರೆ ಒಳಗೆ ಏನಿದೆ ಎಂದು ಗಂಟೆಗೆ 65 ಮೈಲಿ ವೇಗದಲ್ಲಿ ಹೋಗುವವನಿಗೆ ಗೊತ್ತಾಗುವುದು ಹೇಗೆ? ಈ ಸಂಕಟ ನಮಗೂ ಹೊಸದಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬೈಪಾಸ್ ಮಾಡಿದಾಗ ತಟ್ಟೆ ಇಡ್ಲಿ, ಗೊಂಬೆ, ಮದ್ದೂರು ವಡೆ ಮಾರುವವರು ಇದೇ ಗೋಳು ತೋಡಿಕೊಂಡರು. ರಸ್ತೆ ಚೆನ್ನಾಗಿದೆ, ಗಿರಾಕಿ ಮೇಲಿಂದಲೇ ಹಾರಿ ಹೋಗುತ್ತಾನೆ.

ಅಮೆರಿಕದ ವ್ಯಾಪಾರಿಗಳ ಕೈಯಲ್ಲಿದ್ದ ಉತ್ತರ ಬಿಲ್‌ಬೋರ್ಡ್. ಹೊಲದಲ್ಲಿ, ಗುಡ್ಡದಲ್ಲಿ, ಕಣಜದ ಗೋಡೆ ಮೇಲೆ, ಎಲ್ಲೆಂದರಲ್ಲಿ. ಸೌತ್ ಡಕೋಟದ ವಾಲ್ ಎಂಬ ಪುಟ್ಟ ಊರಿನ ಔಷಧದ ಅಂಗಡಿಯೊಂದು ‘ಬಿಟ್ಟಿ ಐಸ್ ನೀರು’ ಎಂದು ದಾರಿಯುದ್ದಕ್ಕೂ ಬೋರ್ಡು ನೆಟ್ಟೇ ದೇಶಕ್ಕೆಲ್ಲ ಹೆಸರಾಯಿತು. ಇಂಥವು ರಸಿಕರಿಗೆ ಖುಷಿ ಕೊಟ್ಟರೂ ಒಟ್ಟು ನೋಟ ಹೊಲಸಾಗುತ್ತಿದೆ ಎಂಬ ಕೂಗು ಜೋರಾಯಿತು. 1958ರಲ್ಲಿ ಕಾಂಗ್ರೆಸ್ ಮೊದಲು ಸಕ್ಕರೆ ತೋರಿಸಿತು: ಇಂಟರ್‌ಸ್ಟೇಟ್‌ನಿಂದ 660 ಅಡಿಯೊಳಗೆ ಬೋರ್ಡುಗಳನ್ನು ಹದ್ದುಬಸ್ತಿನಲ್ಲಿಟ್ಟ ರಾಜ್ಯಕ್ಕೆ ಅರ್ಧ ಪರ್ಸೆಂಟ್ ಹೆಚ್ಚುವರಿ ಹಣ. ಸುಮಾರು ಅರ್ಧದಷ್ಟು ರಾಜ್ಯಗಳು ಕ್ಯಾರೇ ಎನ್ನಲಿಲ್ಲ.

ಆಮೇಲೆ ಬಂದದ್ದು ಬೆತ್ತ. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಪತ್ನಿ ಲೇಡಿ ಬರ್ಡ್ ಜಾನ್ಸನ್ ಈ ವಿಷಯವನ್ನು ಹಿಡಿದು ಕೂತಿದ್ದರು. ರಸ್ತೆ ಬದಿ ಹೂವು ಬೇಕು, ಹಲಗೆಯಲ್ಲ ಎನ್ನುವುದು ಅವರ ಹಟ. 1965ರ ಅಕ್ಟೋಬರ್‌ನಲ್ಲಿ ಬೋರ್ಡುಗಳಿಗೆ ಕಡಿವಾಣ ಹಾಕುವ ಮಸೂದೆ ಕೆಳಮನೆಗೆ ಬಂದಾಗ ಚರ್ಚೆ ನಡುರಾತ್ರಿ ದಾಟಿತು. ಆಗ ಕಾನ್ಸಾಸ್‌ನ ಸದಸ್ಯರಾಗಿದ್ದ ಬಾಬ್ ಡೋಲ್, ಮಸೂದೆಯಲ್ಲಿ ‘ವಾಣಿಜ್ಯ ಕಾರ್ಯದರ್ಶಿ’ ಎಂದಿರುವಲ್ಲೆಲ್ಲ ‘ಲೇಡಿ ಬರ್ಡ್’ ಎಂದು ತಿದ್ದಬೇಕೆಂದು ತಿದ್ದುಪಡಿ ಮಂಡಿಸಿದರು. ಕುಟುಕು ಯಾರಿಗೆಂದು ಎಲ್ಲರಿಗೂ ತಿಳಿಯಿತು. ಆದರೂ ಮಸೂದೆ 245–138 ಮತಗಳಿಂದ ಪಾಸಾಯಿತು. ಅಕ್ಟೋಬರ್ 22ರಂದು ಜಾನ್ಸನ್ ಸಹಿ ಹಾಕಿದರು. ಇನ್ನು ಮುಂದೆ ಬೋರ್ಡು ಹತೋಟಿಯಲ್ಲಿಡದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ 10 ಪರ್ಸೆಂಟ್ ಕಡಿತ.

ನಮ್ಮ ನೀಲಿ ಫಲಕದ ಬೀಜ ಇರುವುದು ಇದೇ ಕಾಯ್ದೆಯ ಒಂದು ಉಪವಿಧಿಯಲ್ಲಿ. ಪ್ರಯಾಣಿಕರ ಅನುಕೂಲಕ್ಕೆ ಬೇಕಾದ ನಿರ್ದಿಷ್ಟ ಮಾಹಿತಿಯನ್ನು ಹೆದ್ದಾರಿಯ ಸರ್ಕಾರಿ ಜಾಗದಲ್ಲೇ ತೋರಿಸಲು ಅವಕಾಶ ಮಾಡಿಕೊಡಬೇಕು ಎಂದಿತು ಅದು. ಬಿಲ್‌ಬೋರ್ಡ್ ಕಿತ್ತರೆ ಹೋಟೆಲಿನವನ ಗತಿಯೇನು ಎಂಬ ಪ್ರಶ್ನೆಗೆ ಕೊಟ್ಟ ಸಮಾಧಾನ. ನೋಟ ಕೆಡಿಸುವ ನೂರು ಬೋರ್ಡುಗಳ ಬದಲು ಸರ್ಕಾರವೇ ನೆಟ್ಟ, ಒಂದೇ ಬಣ್ಣದ, ಒಂದೇ ಅಳತೆಯ ಹಲಗೆ. ಬೋರ್ಡು ಹೋಗುತ್ತದೆ, ಫಲಕ ಬರುತ್ತದೆ ಎಂಬುದೇ ಒಪ್ಪಂದದ ಜೀವಾಳವಾಗಿತ್ತು.

ಬೋರ್ಡು ಹೋಗಲಿಲ್ಲ. ವಾಣಿಜ್ಯ ಮತ್ತು ಕೈಗಾರಿಕಾ ವಲಯಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಇತ್ತು. ನಗರದ ಫ್ರೀವೇಯ ಎರಡೂ ಬದಿ ಇರುವುದೇ ಅಂಥ ವಲಯ. 1978ರ ತಿದ್ದುಪಡಿ ಬೋರ್ಡು ಕೀಳಿಸಿದರೆ ನಗದು ಪರಿಹಾರ ಕೊಡಲೇಬೇಕು ಎಂದು ಬಿಗಿ ಮಾಡಿತು. ಊರಿನವರು ತಮ್ಮದೇ ಕಾನೂನಿನಡಿ ಕೀಳಿಸಹೊರಟರೂ ಅಷ್ಟೇ. ಅಷ್ಟು ದುಡ್ಡು ಯಾರ ಹತ್ತಿರವೂ ಇರಲಿಲ್ಲ.

ಜನಾಭಿಪ್ರಾಯ ಏನಿತ್ತು ಎನ್ನುವುದಕ್ಕೆ ಕೆಲವು ರಾಜ್ಯಗಳು ಒಳ್ಳೆಯ ಸಾಕ್ಷಿ. ವರ್ಮಾಂಟ್ 1968ರಲ್ಲೇ ಬಿಲ್‌ಬೋರ್ಡ್‌ಗಳನ್ನು ಪೂರ್ತಿ ನಿಷೇಧಿಸಿ, ಬದಲಿಗೆ ಒಂದೇ ಮಾದರಿಯ ಸಣ್ಣ ದಿಕ್ಸೂಚಿ ಫಲಕಗಳನ್ನು ತಂದಿತು. ಪ್ರವಾಸಿಗಳು ಬರುವುದು ನಿಂತುಹೋಗುತ್ತದೆ ಎಂದು ಹೆದರಿಸಿದವರಿದ್ದರು, ಹಾಗೇನೂ ಆಗಲಿಲ್ಲ. ಆ ಹಸಿರು ಗುಡ್ಡಗಳ ನೋಟವನ್ನೇ ಈಗ ರಾಜ್ಯ ಪ್ರವಾಸಿಗಳಿಗೆ ಮಾರುತ್ತದೆ. ಮೇನ್, ಹವಾಯಿಗಳಲ್ಲೂ ನಿಷೇಧವಿದೆ. ಅಲಾಸ್ಕದಲ್ಲಿ 1998ರಲ್ಲಿ ಜನಮತಕ್ಕೇ ಹಾಕಿದರು. ಬಿಲ್‌ಬೋರ್ಡ್ ಬೇಡ ಎನ್ನುವವರದು ಭಾರೀ ಬಹುಮತ. ಎರಡೇ ವರ್ಷದ ನಂತರ ಮಿಸೌರಿಯಲ್ಲಿ ಹೊಸ ಬಿಲ್‌ಬೋರ್ಡ್ ತಡೆಯುವ ಪ್ರಸ್ತಾಪ ಕೂದಲೆಳೆಯಲ್ಲಿ ಬಿದ್ದುಹೋಯಿತು. ಒಂದೇ ದೇಶ, ಒಂದೇ ಪ್ರಶ್ನೆ, ಉತ್ತರ ಬೇರೆ. ಗಮನಿಸಬೇಕಾದ್ದು, ಈ ಎರಡು ಕಡೆ ಜನ ಮತ ಹಾಕಿದ್ದು ಬಿಲ್‌ಬೋರ್ಡ್ ಕುರಿತು. ನೀಲಿ ಫಲಕ ಬೇಕೇ ಬೇಡವೇ ಎಂದು ಯಾರೂ ಇವರನ್ನು ಕೇಳಿರಲಿಲ್ಲ.

ಫಲಕದ ನಿಯಮಗಳನ್ನು ಓದಿದರೆ ಅದು ಯಾರಿಗಾಗಿ ಮಾಡಿದ್ದು ಎನ್ನುವುದು ನಿಚ್ಚಳವಾಗುತ್ತದೆ. ರಸ್ತೆ ಸಂಕೇತಗಳ ಕೇಂದ್ರ ಕೈಪಿಡಿಯ (ಎಲ್ಲರೂ ಕರೆಯುವುದು ಎಂಯುಟಿಸಿಡಿ ಎಂದೇ) 2009ರ ಆವೃತ್ತಿಯ ಪ್ರಕಾರ ಅಂಗಡಿ ಸಾಮಾನ್ಯವಾಗಿ ಎಕ್ಸಿಟ್‌ನಿಂದ 3 ಮೈಲಿಯೊಳಗಿರಬೇಕು. ಆಸುಪಾಸಿನಲ್ಲಿ ಏನೂ ಇಲ್ಲದಿದ್ದರೆ 15 ಮೈಲಿವರೆಗೂ ಹಿಗ್ಗಿಸಬಹುದು. ಫ್ರೀವೇ ಪಕ್ಕದ ಪೆಟ್ರೋಲ್ ಬಂಕ್ ದಿನಕ್ಕೆ ಕನಿಷ್ಠ 16 ಗಂಟೆ, ವಾರದ ಏಳೂ ದಿನ ತೆರೆದಿರಬೇಕು, ಶೌಚಾಲಯ, ಕುಡಿಯುವ ನೀರು ಇರಬೇಕು. ಹೋಟೆಲಾದರೆ ವಾರಕ್ಕೆ ಆರು ದಿನ, ದಿನಕ್ಕೆ ಎರಡು ಹೊತ್ತಿನ ಊಟವಾದರೂ ಕೊಡಬೇಕು. ಜನಾಂಗ, ಧರ್ಮ, ಬಣ್ಣ, ಮೂಲ ದೇಶ ನೋಡಿ ಗಿರಾಕಿಯನ್ನು ವಾಪಸು ಕಳಿಸುವವನ ಲೋಗೊ ಹಾಕುವಂತಿಲ್ಲ ಎಂಬ ಷರತ್ತೂ ಇದೆ. ಕಪ್ಪು ಜನರಿಗೆ ಯಾವ ಮೋಟೆಲ್ ಬಾಗಿಲು ತೆರೆಯುತ್ತದೆಂದು ಮೊದಲೇ ವಿಚಾರಿಸಿಕೊಂಡು ಹೊರಡಬೇಕಾಗಿದ್ದ ಕಾಲ, ಈ ಫಲಕದ ಬೀಜ ಬಿದ್ದ 1965ರಲ್ಲಿ ಇನ್ನೂ ಹಳತಾಗಿರಲಿಲ್ಲ. ನಾಗರಿಕ ಹಕ್ಕುಗಳ ಕಾಯ್ದೆ ಬಂದದ್ದು 1964ರಲ್ಲಿ. ಈ ಎಲ್ಲ ಷರತ್ತುಗಳ ಹಿಂದೆ ಇರುವುದು ಒಬ್ಬನೇ ಮನುಷ್ಯ: ದಾರಿ ಗೊತ್ತಿಲ್ಲದ, ದಣಿದ, ಪರವೂರಿನವನು.

ಹಾಗಾಗಿಯೇ ಫಲಕ ಬಹುಕಾಲ ಹಳ್ಳಿಗಾಡಿನ ಹೆದ್ದಾರಿಗೆ ಸೀಮಿತವಾಗಿತ್ತು. ನಗರಕ್ಕೆ ಬೇಡ ಎನ್ನುವುದಕ್ಕೆ ಸೌಂದರ್ಯಕ್ಕಿಂತ ಜಾಗದ ಕಾರಣವೇ ದೊಡ್ಡದು. ಲೆಕ್ಕ ಹಾಕಿ ನೋಡಿ. ಎರಡು ಫಲಕಗಳ ನಡುವೆ ಕನಿಷ್ಠ 800 ಅಡಿ ಇರಬೇಕು. ಒಂದು ಎಕ್ಸಿಟ್‌ಗೆ ನಾಲ್ಕು ನೀಲಿ ಫಲಕ ಎಂದರೆ ನಡುವೆ 2,400 ಅಡಿ. ಕೊನೆಯ ಫಲಕದಿಂದ ಎಕ್ಸಿಟ್ ತೋರಿಸುವ ಹಸಿರು ಫಲಕಕ್ಕೆ ಇನ್ನೊಂದು 800. ಅಲ್ಲಿಗೆ 3,200 ಅಡಿ ಆಯಿತು. ನಗರದೊಳಗೆ, ಹೆದ್ದಾರಿಗೆ ಹತ್ತಿ ಇಳಿಯುವ ಜಾಗಗಳಾದ ಎರಡು ಇಂಟರ್‌ಚೇಂಜ್‌ಗಳ ನಡುವೆ ವಿನ್ಯಾಸಕಾರರು ಇಟ್ಟುಕೊಳ್ಳುವ ಕನಿಷ್ಠ ಅಂತರ ಒಂದು ಮೈಲಿ, ಅಂದರೆ 5,280 ಅಡಿ. ಹಳೆಯ ಫ್ರೀವೇಗಳಲ್ಲಿ ಅದೂ ಇಲ್ಲ. ಉಳಿದದ್ದರಲ್ಲಿ ಮುನ್ಸೂಚನೆಯ ಹಸಿರು ಫಲಕಗಳು ಬರಬೇಕು, ಹಿಂದಿನ ರ‍್ಯಾಂಪ್‌ನಿಂದ ಒಳಬರುವ ಕಾರುಗಳು ಲೇನ್ ಹಿಡಿಯಬೇಕು. 65 ಮೈಲಿ ವೇಗದಲ್ಲಿ 800 ಅಡಿ ದಾಟಲು ಎಂಟು ಸೆಕೆಂಡು ಸಾಕು. ಆ ಎಂಟು ಸೆಕೆಂಡಿನಲ್ಲಿ ಆರು ಲೋಗೊ ಓದಿ, ಬಲಗಡೆಯ ಲಾರಿಗೆ ದಾರಿ ಬಿಟ್ಟು, ತನ್ನ ಎಕ್ಸಿಟ್ ಇದೇನಾ ಎಂದು ತೀರ್ಮಾನಿಸಬೇಕು. ಟ್ರಾಫಿಕ್ ಎಂಜಿನಿಯರುಗಳು ಮೂಗು ಮುರಿಯುವುದು ಸುಮ್ಮನೆ ಅಲ್ಲ.

ಆದರೂ 2009ರ ಕೈಪಿಡಿಯ ಮಾತು ಜಾಣತನದ್ದು. ಈ ಫಲಕಗಳು ಮುಖ್ಯವಾಗಿ ಗ್ರಾಮೀಣ ಸ್ವರೂಪದ ಪ್ರದೇಶಕ್ಕೆ ಸೀಮಿತವಾಗಿರಬೇಕು ‘ಅಥವಾ’ ಸಾಕಷ್ಟು ಅಂತರ ಕಾಯ್ದುಕೊಳ್ಳಬಹುದಾದ ಕಡೆ ಇರಬಹುದು ಎನ್ನುತ್ತದೆ. ಆ ‘ಅಥವಾ’ದ ಸಂದಿಯಲ್ಲಿ ನಗರಗಳು ಒಳಬಂದವು. ಅರಿಝೋನ 2010ರ ದಶಕದಲ್ಲಿ ಫೀನಿಕ್ಸ್, ಟೂಸಾನ್ ಫ್ರೀವೇಗಳಿಗೂ ಲೋಗೊ ಫಲಕ ತಂದಿತು. ಕ್ಯಾಲಿಫೋರ್ನಿಯಾದ ಕಾನೂನು ದೊಡ್ಡ ಊರುಗಳನ್ನು ಹೊರಗಿಟ್ಟಿತು. ದುಡ್ಡಿನ ಆಸೆ ಇಲ್ಲ ಎನ್ನುವಂತಿಲ್ಲ. ಲೋಗೊ ಹಾಕಿಸಿಕೊಳ್ಳುವ ವ್ಯಾಪಾರಿ ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟುತ್ತಾನೆ, ವಾಹನ ಹೆಚ್ಚಿದಷ್ಟೂ ಆ ಜಾಗಕ್ಕೆ ಬೆಲೆ ಹೆಚ್ಚು. ಮರುಭೂಮಿಯ ಎಕ್ಸಿಟ್‌ಗೂ ಫೀನಿಕ್ಸ್‌ನ ಎಕ್ಸಿಟ್‌ಗೂ ಎಲ್ಲಿಯ ಹೋಲಿಕೆ?

ಪರವಾಗಿ ಮಾತಾಡುವವರ ವಾದವನ್ನು ತಳ್ಳಿಹಾಕುವಂತಿಲ್ಲ. ನಗರದ ಫ್ರೀವೇಯಲ್ಲಿ ಓಡಾಡುವವರೆಲ್ಲ ಆ ನಗರದವರಲ್ಲ. ಫೀನಿಕ್ಸ್ ಹಾದು ಲಾಸ್ ಏಂಜಲೀಸ್‌ಗೆ ಹೋಗುವವನೂ ಅಲ್ಲೇ ಇರುತ್ತಾನೆ. ಸದ್ದು ತಡೆಯುವ ಎತ್ತರದ ಗೋಡೆಗಳ ಹಿಂದೆ ಬಂಕು ಇದೆಯೋ ಇಲ್ಲವೋ ಅವನಿಗೆ ಕಾಣುವುದಿಲ್ಲ. ಶುಲ್ಕದಿಂದ ನಿರ್ವಹಣೆ ಖರ್ಚು ಹುಟ್ಟುವುದರಿಂದ ತೆರಿಗೆದಾರನಿಗೆ ಹೊರೆಯಿಲ್ಲ. ಎದುರು ವಾದವೂ ಸರಳ: ನಗರದಲ್ಲಿ ಯಾವ ಎಕ್ಸಿಟ್ ಇಳಿದರೂ ತಿನ್ನಲು ಸಿಗುತ್ತದೆ. ನೂರಿದ್ದಲ್ಲಿ ಆರನ್ನು ಮಾತ್ರ ತೋರಿಸುವುದು ಮಾಹಿತಿಯಾಗುವುದಿಲ್ಲ, ದುಡ್ಡು ಕೊಟ್ಟವರ ಪಟ್ಟಿಯಾಗುತ್ತದೆ. ಈ ಎರಡನೆಯ ಮಾತೇ ನನಗೆ ಹೆಚ್ಚು ಸರಿ ಎನಿಸುತ್ತದೆ. ಹಳ್ಳಿಗಾಡಿನ ಎಕ್ಸಿಟ್‌ನಲ್ಲಿ ಇರುವುದೇ ಮೂರು ಹೋಟೆಲಾದರೆ ಫಲಕ ಇದ್ದದ್ದನ್ನೆಲ್ಲ ಹೇಳುತ್ತದೆ, ನಗರದಲ್ಲಿ ಇದ್ದದ್ದರಲ್ಲಿ ಹೆಚ್ಚಿನದನ್ನು ಮುಚ್ಚಿಡುತ್ತದೆ.

ಇನ್ನೊಂದು ಗುಂಪಿನ ಸಿಟ್ಟು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಹೆದ್ದಾರಿ ಬದಿಯ ಲೋಗೊ ಹಲಗೆ ಹೆಚ್ಚೆಂದರೆ ಐದಡಿ ಅಗಲ, ಮೂರಡಿ ಎತ್ತರ. ಅಷ್ಟರಲ್ಲಿ ಹಳದಿ ‘ಎಂ’ ಕಂಡರೆ ಮೂರು ವರ್ಷದ ಮಗುವಿಗೂ ಗೊತ್ತಾಗುತ್ತದೆ. ಊರಿನ ಯಜಮಾನಿಯೊಬ್ಬಳು ನಲವತ್ತು ವರ್ಷದಿಂದ ನಡೆಸುವ ಹೋಟೆಲಿನ ಹೆಸರು ಅದೇ ಅಳತೆಯಲ್ಲಿ ಬರೀ ಅಕ್ಷರ. ಓದುವಷ್ಟರಲ್ಲಿ ಕಾರು ದಾಟಿರುತ್ತದೆ. ಶುಲ್ಕ ಇಬ್ಬರಿಗೂ ಒಂದೇ. ಅಮೆರಿಕದ ಮೋಟೆಲ್‌ಗಳಲ್ಲಿ ದೊಡ್ಡ ಪಾಲು ಗುಜರಾತಿ ಮೂಲದವರ ಕೈಯಲ್ಲಿದೆ. ಅವರಲ್ಲಿ ಎಷ್ಟೋ ಮಂದಿ ಸ್ವಂತ ಹೆಸರು ಬಿಟ್ಟು ಯಾವುದಾದರೂ ಸರಪಳಿಯ ಫ್ರಾಂಚೈಸಿ ಹಿಡಿದಿದ್ದಾರೆ. ಅದಕ್ಕೆ ಕಾರಣ ಹಲವು. ದಾರಿಹೋಕನಿಗೆ ಸೆಕೆಂಡಿನಲ್ಲಿ ಗುರುತು ಸಿಗಬೇಕು ಎನ್ನುವುದೂ ಅವುಗಳಲ್ಲೊಂದು.

ನಿಸರ್ಗ ನೋಟದ ಪರ ಹೋರಾಡುವವರ ನಿಲುವು ಕುತೂಹಲದ್ದು. ಸೀನಿಕ್ ಅಮೆರಿಕದಂಥ ಸಂಘಟನೆಗಳ ಮುಖ್ಯ ಶತ್ರು ಬಿಲ್‌ಬೋರ್ಡ್, ಅದರಲ್ಲೂ ಈಚಿನ ಡಿಜಿಟಲ್ ಬೋರ್ಡು. ಅದಕ್ಕೆ ಹೋಲಿಸಿದರೆ ನೀಲಿ ಫಲಕ ಸಾಧು ಪ್ರಾಣಿ. ಬಿಲ್‌ಬೋರ್ಡ್‌ಗೆ ಪರ್ಯಾಯ ಎಂದು ತೋರಿಸಲು ಒದಗಿಬರುವುದೂ ಅದೇ. ಆದರೆ ಒಂದು ಕಡೆ ನಗೆ ಬರುತ್ತದೆ. ಹಲವು ರಾಜ್ಯಗಳು ಈ ಫಲಕಗಳ ಉಸ್ತುವಾರಿಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟವು. ಅವುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳ ಗುತ್ತಿಗೆ ಹಿಡಿದದ್ದು ಇಂಟರ್‌ಸ್ಟೇಟ್ ಲೋಗೋಸ್. ಅದರ ಒಡೆಯ ಲೂಸಿಯಾನದ ಬ್ಯಾಟನ್ ರೂಜ್‌ನ ಲಮಾರ್ ಅಡ್ವರ್ಟೈಸಿಂಗ್, ದೇಶದ ಅತಿ ದೊಡ್ಡ ಬಿಲ್‌ಬೋರ್ಡ್ ಕಂಪನಿಗಳಲ್ಲೊಂದು. ಲೇಡಿ ಬರ್ಡ್ ಯಾರನ್ನು ರಸ್ತೆ ಬದಿಯಿಂದ ಎಬ್ಬಿಸಹೊರಟಿದ್ದರೋ ಆ ಉದ್ಯಮವೇ ಅವರ ಕಾಯ್ದೆಯಿಂದ ಹುಟ್ಟಿದ ಫಲಕವನ್ನೂ ನೋಡಿಕೊಳ್ಳುತ್ತಿದೆ. ತಪ್ಪೇನಿಲ್ಲ, ಬೋರ್ಡು ನೆಡುವ ಕೆಲಸ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಈಗ ಮೊಬೈಲ್ ಬಂದಿದೆ, ಫಲಕ ಯಾಕೆ ಬೇಕು ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಹೋಟೆಲ್ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎನ್ನುವುದೂ ಮ್ಯಾಪ್‌ನಲ್ಲಿ ಸಿಗುತ್ತದೆ. ಆದರೆ ಸ್ಟೀರಿಂಗ್ ಹಿಡಿದವನು ಫೋನ್ ನೋಡುವುದಕ್ಕಿಂತ ತಲೆ ಎತ್ತಿ ಫಲಕ ನೋಡುವುದು ಮೇಲು. ಮ್ಯಾಪ್‌ನಲ್ಲೂ ದುಡ್ಡು ಕೊಟ್ಟವನ ಹೆಸರು ಮೇಲೆ ಬರಬಹುದು. ಅಲ್ಲಿ ದಿನಕ್ಕೆ 16 ಗಂಟೆ ತೆರೆದಿರಬೇಕು, ಕುಡಿಯುವ ನೀರಿಡಬೇಕು ಎಂದು ಕೇಳುವ ಸರ್ಕಾರಿ ಕೈಪಿಡಿಯಂತೂ ಇಲ್ಲ. ವ್ಯಾಪಾರಿಗಳು ಸದ್ಯಕ್ಕೆ ಎರಡು ಕಡೆಯೂ ದುಡ್ಡು ಕಟ್ಟುತ್ತಿದ್ದಾರೆ.